ವಾಂತಿ-ಭೇದಿ ಬಂದ ಮನೆಯನ್ನು ನಾನು ಶುಚಿ ಮಾಡುವ ಕ್ರಮ

ಮನೆಯಲ್ಲಿ ಒಬ್ಬರಿಗೆ ವಾಂತಿ-ಭೇದಿ ಶುರುವಾದರೆ ನಾನು ಮೊದಲು ಸ್ಯಾನಿಟೈಜರ್ ಬಾಟಲಿಯನ್ನು ಕಪಾಟಿನೊಳಗೆ ಇಟ್ಟುಬಿಡುತ್ತೇನೆ. ಕಣ್ಣೆದುರಿಗಿದ್ದರೆ ಎಲ್ಲರೂ ಎರಡು ಹನಿ ಉಜ್ಜಿಕೊಂಡು ನಿಶ್ಚಿಂತರಾಗುತ್ತಾರೆ. ಹೀಗೆ ಮನೆಮಂದಿಗೆಲ್ಲ ಹಬ್ಬುವ ವಾಂತಿ-ಭೇದಿಗೆ ಹೆಚ್ಚಿನ ಸಲ ಕಾರಣ ನೊರೊವೈರಸ್. ಅದಕ್ಕೆ ಕೊಬ್ಬಿನ ಹೊದಿಕೆಯಿಲ್ಲ, ಗಟ್ಟಿ ಪ್ರೋಟೀನ್ ಚಿಪ್ಪು ಮಾತ್ರ ಇದೆ. ಕೊಬ್ಬಿನ ಹೊದಿಕೆ ಇರುವ ಫ್ಲೂ, ಕೊರೊನಾ ವೈರಸ್‌ಗಳು ಆಲ್ಕೋಹಾಲ್‌ಗೆ ಸುಲಭವಾಗಿ ಬಗ್ಗುತ್ತವೆ. ಇದು ಹಾಗೆ ಬಗ್ಗುವುದಿಲ್ಲ. ಕೈಗೆ ಸೋಪು ಹಚ್ಚಿ, 20 ಸೆಕೆಂಡ್ ಉಜ್ಜಿ, ಹರಿಯುವ ನೀರಿನಲ್ಲಿ ತೊಳೆಯಬೇಕು. ಸೋಪು ಇದನ್ನು ಕೊಲ್ಲದಿದ್ದರೂ ಚರ್ಮದಿಂದ ಬಿಡಿಸಿ ಕೊಚ್ಚಿಕೊಂಡು ಹೋಗುತ್ತದೆ.

ಕಾಯಿಲೆ ಬರಿಸಲು 10ರಿಂದ 100 ವೈರಸ್ ಕಣ ಸಾಕು. ರೋಗಿಯ ಒಂದು ಗ್ರಾಂ ಮಲದಲ್ಲೋ ಕೋಟಿಗಟ್ಟಲೆ ಇರುತ್ತವೆ. ನಲ್ಲಿ, ಚಿಲಕ, ಸ್ವಿಚ್, ರಿಮೋಟ್‌ನಂಥ ಗಟ್ಟಿ ಮೇಲ್ಮೈಗಳಲ್ಲಿ ಈ ವೈರಸ್ ದಿನಗಟ್ಟಲೆ, ಕೆಲವೊಮ್ಮೆ ವಾರಗಟ್ಟಲೆ ಉಳಿಯುತ್ತದೆ. 2010ರಲ್ಲಿ ಅಮೆರಿಕದ ಒರೆಗಾನ್ ರಾಜ್ಯದ ಬಾಲಕಿಯರ ಫುಟ್‌ಬಾಲ್ ತಂಡವೊಂದಕ್ಕೆ ಇದು ಹರಡಿದ್ದು ಬಚ್ಚಲಲ್ಲಿ ಇಟ್ಟಿದ್ದ ತಿಂಡಿಯ ಚೀಲದಿಂದ. ಮೊದಲು ಕಾಯಿಲೆಯಾದ ಹುಡುಗಿ ಆ ಚೀಲವನ್ನು ಮುಟ್ಟಿಯೇ ಇರಲಿಲ್ಲ; ಗಾಳಿಗೆ ಎದ್ದ ಕಣಗಳು ಅದರ ಮೇಲೆ ಕೂತಿದ್ದವು. ಎರಡು ವಾರದ ಮೇಲೂ ಚೀಲದಲ್ಲಿ ವೈರಸ್ಸಿನ ಕುರುಹು ಸಿಕ್ಕಿತು. ಹಾಗಾಗಿ ಬಚ್ಚಲಲ್ಲಿ ಹಲ್ಲುಜ್ಜುವ ಬ್ರಷ್ಷು, ಟವೆಲ್ಲು, ಚೀಲ ಏನಿದ್ದರೂ ಮೊದಲೇ ಹೊರಗೆ ತಂದುಬಿಡುತ್ತೇನೆ.

ಮನೆಯಲ್ಲಿ ಈ ವೈರಸ್ಸನ್ನು ಖಚಿತವಾಗಿ ಕೊಲ್ಲುವುದು ಕ್ಲೋರಿನ್ ಬ್ಲೀಚ್. ಬಾಟಲಿಯ ಮೇಲೆ ಸೋಡಿಯಂ ಹೈಪೋಕ್ಲೋರೈಟ್ 5% ಎಂದಿದ್ದರೆ ಅದು 50,000 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ ಇಷ್ಟು ಭಾಗ ಎಂಬ ಅಳತೆ). 20 ಮಿಲಿ ಬ್ಲೀಚ್‌ಗೆ 980 ಮಿಲಿ ನೀರು ಬೆರೆಸಿದರೆ 1,000 ಪಿಪಿಎಂ ಆಗುತ್ತದೆ. ನಲ್ಲಿ, ಚಿಲಕ, ಮೇಜಿಗೆ ಅದು. 100 ಮಿಲಿಗೆ 900 ಮಿಲಿ ನೀರು ಬೆರೆಸಿದರೆ 5,000 ಪಿಪಿಎಂ. ವಾಂತಿಯಾದ ನೆಲಕ್ಕೆ, ಟಾಯ್ಲೆಟ್ಟಿಗೆ ಇದು. ನೀರು ತಣ್ಣಗಿರಲಿ, ಬಿಸಿ ನೀರಲ್ಲಿ ಕ್ಲೋರಿನ್ ಬೇಗ ಹಾಳಾಗುತ್ತದೆ. ಬೆರೆಸಿದ್ದನ್ನು ಆ ದಿನವೇ ಬಳಸಿ ಮುಗಿಸುತ್ತೇನೆ. ಟಾಯ್ಲೆಟ್ ತೊಳೆಯುವ ಆ್ಯಸಿಡ್ ಜೊತೆ ಬ್ಲೀಚ್ ಸೇರಿದರೆ ವಿಷದ ಕ್ಲೋರಿನ್ ಅನಿಲ ಏಳುತ್ತದೆ. ಆ್ಯಸಿಡ್ ಹಾಕಿದ ಕಡೆ ಧಾರಾಳವಾಗಿ ನೀರು ಸುರಿದು ತೊಳೆಯದೆ ಬ್ಲೀಚ್ ಮುಟ್ಟಲೇಬಾರದು.

ಬಹಳ ಮಂದಿ ಎಡವುವುದು ಕ್ರಮದಲ್ಲಿ. ವಾಂತಿಯ ಮೇಲೆ ನೇರವಾಗಿ ಬ್ಲೀಚ್ ಸುರಿದರೆ ಕ್ಲೋರಿನ್ ಎಲ್ಲ ಆ ಕೊಳೆಯ ಜೊತೆಗೇ ತೀರಿಹೋಗುತ್ತದೆ, ವೈರಸ್ಸಿಗೆ ಉಳಿಯುವುದಿಲ್ಲ. ಕಿಟಕಿ ತೆರೆದು, ಕೈಗವಸು, ಮಾಸ್ಕ್ ಹಾಕಿಕೊಂಡು, ದಪ್ಪ ಕಾಗದ ಹೊದಿಸಿ ಹೀರಿಸುತ್ತೇನೆ. ಅಂಚಿನಿಂದ ನಡುವಿಗೆ ಬಳಿದು ಚೀಲಕ್ಕೆ ಹಾಕಿ ಗಂಟು ಕಟ್ಟುತ್ತೇನೆ. ಪೊರಕೆ, ವ್ಯಾಕ್ಯೂಮ್ ಬೇಡವೇ ಬೇಡ, ಎರಡೂ ಕಣಗಳನ್ನು ಗಾಳಿಗೆ ಎಬ್ಬಿಸುತ್ತವೆ. ಆಮೇಲೆ ಸೋಪಿನ ನೀರಿನಲ್ಲಿ ಒರೆಸಿ, ಕೊನೆಗೆ ಬ್ಲೀಚ್. ಹಾಕಿದ ಜಾಗ ಹತ್ತು ನಿಮಿಷ ಒದ್ದೆಯಾಗಿಯೇ ಇರಬೇಕು. ನಡುವೆ ಒಣಗಿದರೆ ಮತ್ತೆ ಹಚ್ಚುತ್ತೇನೆ. ಹಚ್ಚಿದ ಕೂಡಲೇ ಒರೆಸಿ ತೆಗೆದರೆ ವಾಸನೆ ಬರುತ್ತದೆ, ಕೆಲಸ ಆಗಿರುವುದಿಲ್ಲ. ಕೊನೆಗೆ ಬರೀ ನೀರಿನಲ್ಲಿ ಒರೆಸದಿದ್ದರೆ ಸ್ಟೀಲ್ ನಲ್ಲಿಗೆ ತುಕ್ಕಿನ ಚುಕ್ಕೆ ಬೀಳುತ್ತದೆ. ವಾಂತಿಯ ಹನಿ ಕಾಣದಷ್ಟು ದೂರ ಸಿಡಿದಿರುತ್ತದೆ, ಹಾಗಾಗಿ ಇಡೀ ಕೋಣೆಯ ನೆಲಕ್ಕೂ ಇದೇ ಉಪಚಾರ.

ಒರೆಸುವ ಬಟ್ಟೆಯೇ ದೊಡ್ಡ ಅಪಾಯ. ಒಂದೇ ಬಟ್ಟೆಯನ್ನು ಬಕೆಟ್ಟಿಗೆ ಅದ್ದಿ ಅದ್ದಿ ಒರೆಸಿದರೆ ವೈರಸ್ಸನ್ನು ಮನೆಯೆಲ್ಲ ಬಳಿದಂತೆ. ಬಟ್ಟೆಯನ್ನು ಎರಡು ಸಲ ಮಡಚಿದರೆ ಎಂಟು ಮುಖ ಸಿಗುತ್ತವೆ. ಒಂದೊಂದು ವಸ್ತುವಿಗೆ ಒಂದೊಂದು ಮುಖ. ಬಳಸಿದ ಬಟ್ಟೆ ಮತ್ತೆ ದ್ರಾವಣಕ್ಕೆ ಇಳಿಯಬಾರದು. ಹೊರಗಿನ ಕೋಣೆಯ ಸ್ವಿಚ್‌ನಿಂದ ಶುರು ಮಾಡಿ ಟಾಯ್ಲೆಟ್ಟಿಗೆ ಮುಗಿಸುತ್ತೇನೆ, ಉಲ್ಟಾ ಅಲ್ಲ. ಸ್ವಿಚ್, ಫೋನ್, ರಿಮೋಟ್‌ಗಳಿಗೆ ನೇರವಾಗಿ ಏನನ್ನೂ ಚಿಮುಕಿಸುವುದಿಲ್ಲ. ಸ್ವಿಚ್ಚಿಗೆ ಚೆನ್ನಾಗಿ ಹಿಂಡಿದ ಬ್ಲೀಚ್ ಬಟ್ಟೆ. ಫೋನ್, ರಿಮೋಟ್‌ಗೆ ಸೋಪಿನ ನೀರಿನಲ್ಲಿ ಹಿಂಡಿದ ಬಟ್ಟೆಯಿಂದ ಮುಖ ಬದಲಿಸಿ ಮೂರು ಸಲ.

ಹಾಸಿಗೆ ಬಟ್ಟೆ ಕೊಡವುವುದಿಲ್ಲ, ಒಳಮುಖವಾಗಿ ಸುತ್ತಿ ಒಯ್ಯುತ್ತೇನೆ. ಈ ವೈರಸ್ 60 ಡಿಗ್ರಿಯಲ್ಲಿ ಅರ್ಧ ಗಂಟೆ ಇಟ್ಟರೂ ಬದುಕುಳಿದದ್ದುಂಟು, ಆದ್ದರಿಂದ ಉಗುರುಬೆಚ್ಚಗಿನ ನೀರನ್ನು ನಂಬುವುದಿಲ್ಲ. ಹತ್ತಿ ಬಟ್ಟೆಯಾದರೆ ಒಗೆದ ಮೇಲೆ ಹತ್ತು ನಿಮಿಷ ಕುದಿಸುತ್ತೇನೆ. ಕುದಿಸಲಾಗದ್ದನ್ನು ಬೇರೆಯಾಗಿ, ಬಟ್ಟೆ ತಡೆಯುವಷ್ಟು ಬಿಸಿ ನೀರಿನಲ್ಲಿ ಡಿಟರ್ಜೆಂಟ್ ಹಾಕಿ ಒಗೆದು ಪೂರ್ತಿ ಒಣಗಿಸುತ್ತೇನೆ.

ವಾಂತಿ-ಭೇದಿ ನಿಂತ ಮೇಲೂ ಕನಿಷ್ಠ 48 ಗಂಟೆ ರೋಗಿ ಅಡುಗೆಮನೆಗೆ ಹೋಗುವಂತಿಲ್ಲ. ಮಲದಲ್ಲಿ ವೈರಸ್ ಎರಡು ವಾರ ಅಥವಾ ಅದಕ್ಕೂ ಹೆಚ್ಚು ಕಾಲ ಬರುತ್ತಿರುತ್ತದೆ. ಅಷ್ಟು ದಿನವೂ ಫ್ಲಶ್ ಗುಂಡಿ, ಬಚ್ಚಲ ನಲ್ಲಿ, ಬಾಗಿಲ ಒಳಚಿಲಕಕ್ಕೆ ದಿನಕ್ಕೊಮ್ಮೆ 1,000 ಪಿಪಿಎಂ ಹಚ್ಚುತ್ತೇನೆ.