ಮನೆಯಲ್ಲೇ ಪೆಲೆಟ್ ಲಾಟ್ ಟೆಸ್ಟ್: ಎರಡು ವರ್ಷದ ನನ್ನ ಅನುಭವ

ಕಳೆದ ತಿಂಗಳ ಹತ್ತು ಮೀಟರ್ ಏರ್ ರೈಫಲ್ ಮ್ಯಾಚ್‌ನಲ್ಲಿ ಮಗಳು ಅರವತ್ತು ಶಾಟಿಗೆ 621 ಚಿಲ್ಲರೆ ಪಾಯಿಂಟ್ ಹೊಡೆದಳು. ಎರಡು ವರ್ಷದ ಹಿಂದೆ 613 ದಾಟಿದರೆ ಅವತ್ತು ಮನೆಯಲ್ಲಿ ಪಾಯಸ. ಇದರಲ್ಲಿ ಬಹುಪಾಲು ಅವಳ ಬೆವರು, ಎರಡು ಮಾತಿಲ್ಲ. ಆದರೆ ಮೂರು ಪಾಯಿಂಟಾದರೂ ಹನುಮಂತನಗರದ ನಮ್ಮ ಟೆರೇಸ್ ಮೇಲೆ, ಶೀಟಿನ ಕೆಳಗೆ, ನಾನು ಪೆಲೆಟ್ (ಏರ್ ರೈಫಲ್‌ನ ಪುಟ್ಟ ಸೀಸದ ಗುಂಡು) ಟೆಸ್ಟ್ ಮಾಡುತ್ತಾ ಕಳೆದ ಭಾನುವಾರಗಳದ್ದು. ಒಂದೇ ಸಲ ತಯಾರಾದ ಪೆಲೆಟ್‌ಗಳ ಕಂತಿಗೆ ಲಾಟ್ ಅಂತಾರೆ; ಯಾವ ಲಾಟ್ ನಮ್ಮ ರೈಫಲ್‌ಗೆ ಒಗ್ಗುತ್ತೆ ಅಂತ ನೋಡೋದೇ ಲಾಟ್ ಟೆಸ್ಟ್. "ಲಾಟ್ ಟೆಸ್ಟ್ ಮಾಡಿಸೋಕೆ ದೊಡ್ಡ ಶೂಟರ್‌ಗಳು ಜರ್ಮನಿಗೆ ಹೋಗ್ತಾರೆ, ನೀವು ಟೆರೇಸ್ ಮೇಲೆ ಮಾಡ್ತೀರಾ?" ಅಂತ ರೇಂಜ್‌ನಲ್ಲಿ ಕೇಳಿದವರು ಬಹಳ ಜನ. ಕೋಚ್ ಸರ್ ಕೂಡ "ಪೆಲೆಟ್ ಚಿಂತೆ ಬಿಡಿ ಸರ್, ಹುಡುಗಿ ಟ್ರಿಗರ್ ಕಡೆ ನೋಡ್ಕೊಳ್ಲಿ" ಅನ್ನೋರು. ಮೊನ್ನೆ ಅವರೇ ಇನ್ನಿಬ್ಬರು ಹುಡುಗರ ರೈಫಲ್ ತಂದು ನನ್ನ ಜಿಗ್ (ರೈಫಲ್ ಅಲ್ಲಾಡದಂತೆ ಹಿಡಿಯುವ ಕಟ್ಟು) ಮೇಲೆ ಕೂರಿಸಿ ನೋಡಿಕೊಂಡು ಹೋದರು. ಅದಕ್ಕೇ ಬರೆಯೋಣ ಅನ್ನಿಸಿತು.

ಹೊರದೇಶದಲ್ಲಿ ರೈಫಲ್ ಶೂಟರ್‌ಗಳು ಮನೆಯಲ್ಲೇ ಕಾಡತೂಸು ತುಂಬಿಕೊಳ್ಳುತ್ತಾರೆ. ನಮ್ಮಲ್ಲಿ 1959ರ ಆಯುಧ ಕಾಯ್ದೆ ಇದೆ, ಪರವಾನಗಿ ಇಲ್ಲದೆ ಅದರ ಹತ್ತಿರವೂ ಹೋಗಬೇಡಿ. ಏರ್ ರೈಫಲ್‌ನವರಿಗೆ ತುಂಬೋದೇನೂ ಇಲ್ಲ, ಆರಿಸೋದಷ್ಟೇ. ಆ ಆರಿಸೋದರಲ್ಲೇ ನಾನು ಮೊದಲ ಆರು ತಿಂಗಳು ಹಾಳು ಮಾಡಿದ್ದು.

ಶುರು ಮಾಡಿದ್ದು ತೂಕದಿಂದ. ಎಲ್ಲರೂ ಅಲ್ಲಿಂದಲೇ ಶುರು ಮಾಡ್ತಾರೆ. ನಗರ್ತಪೇಟೆಯಲ್ಲಿ ಚಿನ್ನದಂಗಡಿಯವರು ಇಟ್ಟುಕೊಳ್ಳುವಂಥ ಚಿಕ್ಕ ತಕ್ಕಡಿ ತಂದೆ, ಸಾವಿರದ ಆಸುಪಾಸು. ಅದು ತೋರಿಸೋದು 0.01 ಗ್ರಾಂ ತನಕ. ಪೆಲೆಟ್ ತೂಗೋದೇ 0.53 ಗ್ರಾಂ. ಇಡೀ ಡಬ್ಬಿ ತೂಗಿದರೂ 0.53, 0.53, 0.53. ಆಮೇಲೆ ಮಿಲಿಗ್ರಾಂ ತೋರಿಸೋದಕ್ಕೆ ಏಳು ಸಾವಿರ ಕೊಟ್ಟೆ. ಅದರ ಮುಂದೆ ಉಸಿರು ಬಿಟ್ಟರೆ ಸಾಕು, ಕೊನೆಯ ಅಂಕಿ ಕುಣಿಯುತ್ತೆ. ಫ್ಯಾನ್ ಆಫ್, ಕಿಟಕಿ ಬಂದ್, ಆನ್ ಮಾಡಿ ಅರ್ಧ ಗಂಟೆ ಬಿಡಬೇಕು. ಹೀಗೆ ಎರಡು ತಿಂಗಳು ರಾತ್ರಿ ಊಟ ಆದಮೇಲೆ ಕೂತು ಮೂರು ಸಾವಿರ ಪೆಲೆಟ್ ತೂಗಿ, ಮೊಟ್ಟೆ ಟ್ರೇನಲ್ಲಿ ಗುಂಪು ಗುಂಪಾಗಿ ವಿಂಗಡಿಸಿಟ್ಟೆ. ಬಹುತೇಕ ಎಲ್ಲ 0.528ರಿಂದ 0.534 ಒಳಗೇ ಬಂದವು. ಹೊಡೆದು ನೋಡಿದರೆ ಗ್ರೂಪ್‌ನಲ್ಲಿ, ಅಂದರೆ ಗುರಿ ಮೇಲಿನ ತೂತುಗಳ ಹರವಿನಲ್ಲಿ, ಕಾಣುವಂಥ ವ್ಯತ್ಯಾಸ ಇಲ್ಲ.

ಆಗ ಲೆಕ್ಕ ಹಾಕಿದೆ, ಮೊದಲೇ ಹಾಕಬೇಕಿತ್ತು. ಸೆಕೆಂಡಿಗೆ 170 ಮೀಟರ್ ವೇಗದಲ್ಲಿ ಪೆಲೆಟ್ ಹತ್ತು ಮೀಟರ್ ಹೋಗೋದರೊಳಗೆ ಸುಮಾರು 17 ಮಿಲಿಮೀಟರ್ ಕೆಳಗಿಳಿಯುತ್ತೆ. ತೂಕ ಒಂದು ಪರ್ಸೆಂಟ್ ಹೆಚ್ಚಾದರೆ ವೇಗ ಅರ್ಧ ಪರ್ಸೆಂಟ್ ಕಡಿಮೆ, ಇಳಿತದಲ್ಲಿ ಫರಕು 0.17 ಮಿಲಿಮೀಟರ್. ಗುರಿ ಕಾರ್ಡ್ ಮೇಲೆ 0.1 ಪಾಯಿಂಟ್ ಅಂದರೆ 0.25 ಮಿಲಿಮೀಟರ್. ಒಳ್ಳೇ ಮ್ಯಾಚ್ ಪೆಲೆಟ್‌ನಲ್ಲಿ ತೂಕ ನೋಡೋದರಿಂದ ಹೆಚ್ಚೇನೂ ಸಿಗಲ್ಲ. ತಕ್ಕಡಿ ಈಗ ಮಗಳ ಕೆಮಿಸ್ಟ್ರಿ ಪ್ರಾಜೆಕ್ಟಿಗೆ ಹೋಗಿದೆ.

ಎರಡನೇ ತಪ್ಪು ದುಬಾರಿಯದು. ಅವಳ ರೈಫಲ್‌ಗೆ 4.50 ಹೆಡ್ ಸೈಜ್ (ಪೆಲೆಟ್ ತಲೆಯ ಅಗಲ, ಮಿಲಿಮೀಟರ್‌ನಲ್ಲಿ) ಚೆನ್ನಾಗಿ ಕೂತಿತು ಅಂತ ಅದೇ ಬ್ರ್ಯಾಂಡ್, ಅದೇ ಸೈಜ್, ಹತ್ತು ಡಬ್ಬಿ ಒಟ್ಟಿಗೆ ತರಿಸಿದೆ, ಡಬ್ಬಿಗೆ ಸಾವಿರದ ಮುನ್ನೂರೋ ನಾನೂರೋ ಇತ್ತು. ಮೂರನೇ ದಿನಕ್ಕೆ ಮಗಳು "ಅಪ್ಪಾ, ಇದು ಬೇರೆ ಥರ ಹೊಡೀತಿದೆ" ಅಂದಳು. ನಾನು ನಂಬಲಿಲ್ಲ, ಪೀಣ್ಯದಲ್ಲಿ ಟೂಲ್ ರೂಮಿನಲ್ಲಿ ಇಪ್ಪತ್ತೆರಡು ವರ್ಷ ಕೆಲಸ ಮಾಡಿದವನು, ಸೈಜ್ ಒಂದೇ ಆದಮೇಲೆ ಇನ್ನೇನು ಅಂತ. ಒಂದು ವಾರ ಅವಳ ಹತ್ತಿರ ಹೋಲ್ಡ್ (ರೈಫಲ್ ಹಿಡಿತ) ಬಗ್ಗೆಯೇ ವಾದ ಮಾಡಿದೆ. ಕೊನೆಗೆ ಹಳೇ ಡಬ್ಬಿ ತೆಗೆದು ಪಕ್ಕದಲ್ಲಿಟ್ಟು ಲೇಬಲ್ ನೋಡಿದರೆ ಲಾಟ್ ನಂಬರ್ ಬೇರೆ. ಅಂಗಡಿಯವರು ಸೈಜ್ ನೋಡಿ ಕೊಡ್ತಾರೆ, ಲಾಟ್ ಕೇಳಬೇಕು ಅಂತ ನನಗೂ ಹೊಳೆದಿರಲಿಲ್ಲ. ಡಬ್ಬಿ ಮೇಲಿನ 4.50 ಅನ್ನೋ ಅಂಕಿ ಒಂದೇ ಆದರೂ ಪೆಲೆಟ್ ಒತ್ತುವ ಅಚ್ಚು (ಡೈ) ಬದಲಾದರೆ, ಸವೆದರೆ ಪೆಲೆಟ್ ಬೇರೆಯೇ. ಹದಿಮೂರು ಹದಿನಾಲ್ಕು ಸಾವಿರದ ಮಾಲು ಪ್ರಾಕ್ಟೀಸಿಗೆ ಹೋಯಿತು. ಮಗಳ ಮುಂದೆ ತಪ್ಪೊಪ್ಪಿಕೊಂಡೆ. ಅವತ್ತಿಂದ ಅವಳು "ಬೇರೆ ಥರ" ಅಂದರೆ ಮೊದಲು ಡಬ್ಬಿ ನೋಡ್ತೀನಿ, ಆಮೇಲೆ ಅವಳನ್ನ.

ಹಾಗಾದರೆ ಟೆಸ್ಟ್ ಮಾಡಬೇಕು, ಮನುಷ್ಯನ ಕೈ ಇಲ್ಲದೆ. ಮೊದಲು ಎಸ್.ಪಿ. ರಸ್ತೆಯಿಂದ ಒಂದು ಬೆಂಚ್ ವೈಸ್ ತಂದು, ಮರದ ತುಂಡಿಟ್ಟು ಬ್ಯಾರೆಲ್ಲನ್ನೇ ಬಿಗಿದೆ. ಹಾಗೆ ಮಾಡಬೇಡಿ. ಒಂದೊಂದು ಸಲ ಬಿಗಿದಾಗಲೂ ಪಾಯಿಂಟ್ ಒಂದೊಂದು ಕಡೆ, ಗ್ರೂಪ್ ಹತ್ತು ಮಿಲಿಮೀಟರ್. ಸ್ಟಾಕ್ (ಹೆಗಲಿಗೆ ಕೊಡುವ ಹಿಡಿಭಾಗ) ಸಮೇತ ರಬ್ಬರ್ ಹಾಕಿ ಕೂರಿಸಿದರೆ ಲೋಡ್ ಮಾಡುವಾಗ ಅಲ್ಲಾಡಿಬಿಡುತ್ತೆ. ಸ್ಟಾಕ್ ಬಿಚ್ಚಿ ಆಕ್ಷನ್ (ಬ್ಯಾರೆಲ್ ಹಿಂದಿನ ಯಂತ್ರಭಾಗ) ಮಾತ್ರ ಹಿಡಿಯುವ ಜಿಗ್ ಬೇಕು. ಕಾಮಾಕ್ಷಿಪಾಳ್ಯದ ಒಂದು ಲೇತ್ ಶಾಪಿನಲ್ಲಿ ಡ್ರಾಯಿಂಗ್ ಕೊಟ್ಟು ಮಾಡಿಸಿದೆ, ಎರಡು ಸಲ ತಪ್ಪಾಗಿ ಮೂರನೆಯದು ಸರಿಬಂತು. ಒಟ್ಟು ಐದು ಸಾವಿರದೊಳಗೆ. ಬುಡಕ್ಕೆ ಕಡಪ ಕಲ್ಲು, ಅದು ನಲವತ್ತು ಕೆ.ಜಿ. ಮೇಲಿದೆ, ನಾಲ್ಕು ಜನ ಹೊತ್ತು ಮೇಲೆ ತಂದೆವು. ಸ್ಕ್ರೂ ಎಷ್ಟು ಬಿಗಿ, ಯಾವುದು ಮೊದಲು ಅನ್ನೋದು ಮಾತ್ರ ನನ್ನ ಹತ್ತಿರವೇ ಇರಲಿ, ಒಂದೂವರೆ ವರ್ಷದ ದುಡಿಮೆ ಅದು. ಗುರಿಯ ಹಿಂದೆ ಆರು ಎಂಎಂ ತಗಡು, ಅದರ ಮುಂದೆ ಹಳೇ ರಬ್ಬರ್ ಮ್ಯಾಟ್ ತುಂಬಿದ ಪೆಟ್ಟಿಗೆ. ಹೊಡೆಯುವಾಗ ಮೆಟ್ಟಿಲ ಬಾಗಿಲಿಗೆ ಬೀಗ. ಮುಗಿದಮೇಲೆ ಸೋಪು ಹಾಕಿ ಕೈ ತೊಳೆಯದೆ ಯಾರೂ ಅಡುಗೆಮನೆಗೆ ಕಾಲಿಡೋ ಹಾಗಿಲ್ಲ, ಅದು ಸೀಸ.

ಜಿಗ್ ಬಂದಮೇಲೂ ಮೋಸ ಹೋದೆ. ಐದೈದು ಶಾಟ್ ಹೊಡೆದು ಒಂದು ಲಾಟ್ 6 ಮಿಲಿಮೀಟರ್ ಕೊಟ್ಟಿತು ಅಂತ ಕುಣಿದಾಡಿ ಆರು ಡಬ್ಬಿ ತಂದೆ. ಹತ್ತತ್ತು ಶಾಟ್ ಹೊಡೆದಾಗ ಅದೇ ಎಂಟೂವರೆಗೆ ಹೋಯಿತು. ಐದು ಶಾಟ್ ಅದೃಷ್ಟದ ಮಾತು. ಈಗ ಒಂದು ಲಾಟಿಗೆ ಹತ್ತು ಶಾಟಿನ ಐದು ಗ್ರೂಪ್. ಲಾಟ್ ಬದಲಿಸಿದಾಗ ಮೊದಲ ಹತ್ತು ಹದಿನೈದು ಲೆಕ್ಕಕ್ಕಿಲ್ಲ, ಬ್ಯಾರೆಲ್ ಹೊಸ ಸೀಸಕ್ಕೆ ಒಗ್ಗಬೇಕು. ನಡುವೆ ಬ್ಯಾರೆಲ್ ಕ್ಲೀನ್ ಮಾಡಬೇಡಿ, ನಾನು ಮಾಡಿ ಒಂದು ಭಾನುವಾರ ಪೂರ್ತಿ ಕಳಕೊಂಡೆ. ಗುರಿಗೆ ಬಿಳಿ ಝೆರಾಕ್ಸ್ ಕಾಗದ ಹಾಕಬೇಡಿ, ತೂತು ಹರಿದು ವರ್ನಿಯರ್ ಹಿಡಿಯೋಕೆ ಅಂಚೇ ಸಿಗಲ್ಲ. ಮ್ಯಾಚ್ ಕಾರ್ಡೇ ಹಾಕಿ, ಚೊಕ್ಕ ಗುಂಡಗೆ ಕತ್ತರಿಸಿಕೊಡುತ್ತೆ. ಹೊರ ಅಂಚಿಂದ ಹೊರ ಅಂಚಿಗೆ ಅಳತೆ. ಆರು ಲಾಟಿನಲ್ಲಿ ಒಂದು ಸರಾಸರಿ 6.8 ಮಿಲಿಮೀಟರ್ ಕೊಟ್ಟಿತು, ಮತ್ತೊಂದು 7.1ರ ಹತ್ತಿರ, ಉಳಿದವು ಎಂಟರ ಮೇಲೆ. ಅಚ್ಚರಿ ಅಂದರೆ ಗೆದ್ದದ್ದು 4.49, ನಾವು ಯಾವತ್ತೂ ಮುಟ್ಟದ ಸೈಜ್.

"ಎಂಟು ಮಿಲಿಮೀಟರ್ ಗ್ರೂಪೂ ಹತ್ತು ಪಾಯಿಂಟಿನ ಒಳಗೇ ಅಲ್ವಾ ಸರ್" ಅಂತ ಕೇಳೋರಿಗೆ: ಮಗುವಿನ ಹೋಲ್ಡ್ ಅದರ ಮೇಲೆ ಸೇರುತ್ತೆ. ಶಾಟಿಗೆ ಬರೀ 0.05 ಉಳಿದರೂ ಅರವತ್ತಕ್ಕೆ ಮೂರು ಪಾಯಿಂಟ್.

ಅಡ್ಡದಾರಿಗಳೂ ಹಿಡಿದೆ. ಪೆಲೆಟ್ ಸೋಪುನೀರಲ್ಲಿ ತೊಳೆದು, ಒಣಗಿಸಿ, ಹೊಲಿಗೆ ಮಿಷನ್ ಎಣ್ಣೆ ಸವರಿ ನೋಡಿದೆ. ಗ್ರೂಪ್ ಕೆಟ್ಟಿತು, ಬ್ಯಾರೆಲ್ ಮತ್ತೆ ದಾರಿಗೆ ಬರೋಕೆ ನೂರು ಶಾಟ್ ಆಯ್ತು. ಕೈಪಂಪಲ್ಲಿ ರೈಫಲ್‌ನ ಗಾಳಿ ಸಿಲಿಂಡರ್ ತುಂಬಿ ಆಷಾಢದ ತೇವದಲ್ಲಿ ಒಳಗೆ ನೀರು ಸೇರಿಸಿಕೊಂಡೆ. ಈಗ ಡೈವಿಂಗ್ ಸಿಲಿಂಡರಿಂದ ತುಂಬಿಸ್ತೀನಿ, ಟೆಸ್ಟ್ ಶುರುವಾದಾಗ ಗಾಳಿಯ ಒತ್ತಡ 180 ಬಾರ್, 100ಕ್ಕೆ ಬಂದರೆ ನಿಲ್ಲಿಸ್ತೀನಿ. ಏಪ್ರಿಲ್ ಮಧ್ಯಾಹ್ನ ಶೀಟಿನ ಕೆಳಗೆ ಟೆಸ್ಟ್ ಮಾಡಿದ ಅಂಕಿಗಳನ್ನೆಲ್ಲ ಹರಿದು ಹಾಕಿದೆ. ಬೆಳಗ್ಗೆ ಆರೂವರೆಯಿಂದ ಒಂಬತ್ತು, ಅಷ್ಟೇ.

ಗೆದ್ದ ಲಾಟಿನಲ್ಲೂ ಕೆಟ್ಟವು ಇರ್ತವೆ. ಡಬ್ಬಿಯಿಂದ ಟ್ರೇಗೆ ಸುರಿಯಬೇಡಿ, ಸ್ಕರ್ಟ್ (ಪೆಲೆಟ್‌ನ ಹಿಂದಿನ ತೆಳು ಅಂಚು) ನಗ್ಗುತ್ತೆ. ಒಂದು ಗಾಜಿನ ಹಲಗೆ ಸ್ವಲ್ಪ ಓರೆಯಾಗಿಟ್ಟು ಒಂದೊಂದಾಗಿ ಉರುಳಿಸ್ತೀನಿ. ಸರಿಯಾದವೆಲ್ಲ ಒಂದೇ ಬಾಗಿನಲ್ಲಿ ತಿರುಗಿ ಒಂದೇ ಜಾಗಕ್ಕೆ ಬಂದು ನಿಲ್ತವೆ. ನಗ್ಗಿದ್ದು ತಟಕ್ ಅಂತ ಪಕ್ಕಕ್ಕೆ ಹೊರಳುತ್ತೆ, ಕಣ್ಣಿಗೆ ಕಾಣದ ನಗ್ಗೂ ಅಲ್ಲಿ ಗೊತ್ತಾಗುತ್ತೆ. ಐನೂರಕ್ಕೆ ಇಪ್ಪತ್ತು ಮೂವತ್ತು ಹೋಗ್ತವೆ. ಈ ಕೆಲಸ ನನ್ನ ಹೆಂಡತಿ ನನಗಿಂತ ಬೇಗ ಮಾಡ್ತಾಳೆ, ಅಕ್ಕಿ ಆರಿಸಿದ ಕೈ.

ಒಟ್ಟು ಖರ್ಚು ಐವತ್ತು ಸಾವಿರ ಮುಟ್ಟಿರಬಹುದು, ಅದರಲ್ಲಿ ಅರ್ಧದ ಮೇಲೆ ತಪ್ಪುಗಳದ್ದು. ಈಗ ಅದೇ 4.49 ಲಾಟಿನ ಹದಿನಾರು ಡಬ್ಬಿ ಮಂಚದ ಕೆಳಗಿದೆ, ಮ್ಯಾಚಿಗೆ ಮಾತ್ರ. ಪ್ರತಿ ಡಬ್ಬಿ ಮೇಲೆ ಮಗಳು ಸ್ಕೆಚ್ ಪೆನ್ನಲ್ಲಿ ತಾರೀಕು ಬರೆದಿದ್ದಾಳೆ. ಕೋಚ್ ಸರ್ ಎರಡು ಡಬ್ಬಿ ಕೇಳಿದ್ದಾರೆ, ಆ ಹುಡುಗರ ಬ್ಯಾರೆಲ್ಲಿಗೆ ಅದು ಕೂರಲ್ಲ ಅಂತ ಮುಂದಿನ ಭಾನುವಾರ ಜಿಗ್ ಮೇಲೇ ತೋರಿಸಬೇಕು.