ಎರಡು ವಿಮೆ, ಒಂದು ಆಸ್ಪತ್ರೆ ಬಿಲ್: ಕ್ಲೇಮ್ ಮಾಡುವುದು ಹೇಗೆ?

ಗದಗ, ಹಾವೇರಿ ಕಡೆ ದೊಡ್ಡ ಆಪರೇಷನ್ ಅಂದ ಕೂಡಲೇ ಮನೆಯಲ್ಲಿ ಬರುವ ಮಾತು ಒಂದೇ: "ಹುಬ್ಬಳ್ಳಿಗೆ ಕರ್ಕೊಂಡು ಹೋಗ್ರಿ." ಆಪರೇಷನ್ ಮುಗಿದು ರೋಗಿ ಊರಿಗೆ ಬರುತ್ತಾರೆ. ಕಾಗದಗಳು ಮಾತ್ರ ಅರ್ಧ ಅಲ್ಲೇ ಉಳಿದಿರುತ್ತವೆ. ನಮ್ಮ ಅಪ್ಪನ ಎರಡೂ ಮೊಣಕಾಲಿನ ಚಿಪ್ಪು ಬದಲಾಯಿಸಿದಾಗ ಹೀಗೇ ಆಯಿತು. ಬಿಲ್ಲಿನ ಮೇಲೆ ಒಂದು ಸೀಲ್ ಬೇಕು ಅಂತ ನಾನು ಮೂರು ಸಲ ಗದಗದಿಂದ ಹುಬ್ಬಳ್ಳಿ ಬಸ್ ಹತ್ತಿದೆ. "ಸೀಲ್ ಹಾಕೋರು ಇವತ್ತ ರಜಾ ಅದಾರ್ರಿ, ನಾಳೆ ಬರ್ರಿ" ಎಂದರು ಕೌಂಟರ್‌ನಲ್ಲಿ. ನನ್ನ ತಮ್ಮನ ಕಂಪನಿ ಕೊಟ್ಟ ವಿಮೆ ಒಂದು, ಅಪ್ಪನೇ ವರ್ಷ ವರ್ಷ ಕಂತು ಕಟ್ಟಿದ ವಿಮೆ ಇನ್ನೊಂದು. ಎರಡೂ ಇದ್ದವು, ಬಳಸುವ ದಾರಿ ಗೊತ್ತಿರಲಿಲ್ಲ.

ಯಾವುದನ್ನು ಮೊದಲು ಬಳಸಬೇಕು? ಅದು ನಿಮ್ಮ ಆಯ್ಕೆ, ವಿಮಾ ಕಂಪನಿ ಒತ್ತಾಯ ಮಾಡುವಂತಿಲ್ಲ. ನನ್ನ ಮಟ್ಟಿಗೆ ಆಫೀಸಿನ ವಿಮೆಯೇ ಮೊದಲು. ಸ್ವಂತ ವಿಮೆಯಲ್ಲಿ ಕ್ಲೇಮ್ ಮಾಡದ ವರ್ಷಕ್ಕೆ ಬೋನಸ್ ಸೇರುತ್ತದೆ, ಅದನ್ನು ಸುಮ್ನೆ ಯಾಕೆ ಕಳೆದುಕೊಳ್ಳಬೇಕು? ಬಿಲ್ ಪೂರ್ತಿ ಆಫೀಸಿನ ವಿಮೆಯಲ್ಲೇ ಮುಗಿದರೆ ಅದು ಉಳಿಯುತ್ತದೆ. ಇನ್ನೊಂದು ಕಾರಣವೂ ಇದೆ. ಸ್ವಂತ ವಿಮೆಯಲ್ಲಿ ಹಳೆಯ ಕಾಯಿಲೆಗೆ ಮೂರು ವರ್ಷದವರೆಗೂ ಕಾಯುವ ಅವಧಿ ಇರಬಹುದು. ಆಫೀಸಿನ ಗುಂಪು ವಿಮೆ ಬಹಳ ಕಡೆ ಮೊದಲ ದಿನದಿಂದಲೇ ಕೊಡುತ್ತದೆ. ಆದರೆ ತಂದೆ ತಾಯಿಗೆ ಅದರಲ್ಲಿ ಕೋ-ಪೇ ಇದೆಯಾ ಎಂದು ಎಚ್‌ಆರ್ ಅವರನ್ನು ಕೇಳಿಕೊಳ್ಳಿ. ಬಿಲ್ಲಿನ ಶೇ 10 ಅಥವಾ 20 ಭಾಗ ನಮ್ಮ ಕೈಯಿಂದಲೇ ಹೋಗುವ ಷರತ್ತು ಅದು.

ಅಡ್ಮಿಟ್ ಆಗುವ ಮೊದಲು ಎರಡೂ ಕಂಪನಿಗೆ ತಿಳಿಸಿ. ನಾವು ತಪ್ಪಿದ್ದು ಇಲ್ಲೇ. ತಮ್ಮನ ಕಂಪನಿಯ ವಿಮೆಗೆ ಮಾತ್ರ ಹೇಳಿ ಸುಮ್ಮನಾದೆವು. ಮೊದಲೇ ದಿನ ಗೊತ್ತು ಮಾಡಿದ ಆಪರೇಷನ್ ಆದರೆ ಸಾಮಾನ್ಯವಾಗಿ 48 ಗಂಟೆ ಮೊದಲು, ತುರ್ತು ಇದ್ದರೆ ಅಡ್ಮಿಟ್ ಆದ 24 ಗಂಟೆಯೊಳಗೆ ತಿಳಿಸಬೇಕು. ಫೋನ್ ಮಾಡಿದರೆ ಕ್ಲೇಮ್ ನಂಬರ್ ಕೊಡುತ್ತಾರೆ, ಬರೆದಿಟ್ಟುಕೊಳ್ಳಿ.

ರೂಮ್ ಆರಿಸುವಾಗಲೂ ಪಾಲಿಸಿ ಕೈಯಲ್ಲಿರಲಿ. ಅಪ್ಪನ ವಿಮೆ 3 ಲಕ್ಷದ್ದು, ರೂಮ್ ಬಾಡಿಗೆ ದಿನಕ್ಕೆ ಅದರ ಶೇ 1, ಅಂದರೆ 3,000 ರೂಪಾಯಿ. 5,000 ರೂಪಾಯಿಯ ರೂಮ್ ತಗೊಂಡರೆ ಬಾಡಿಗೆಯಲ್ಲಿ 2,000 ಹೋಯಿತು ಅಷ್ಟೇ ಅಂದುಕೊಳ್ಳುತ್ತೇವೆ. ಅಲ್ಲ. ಡಾಕ್ಟರ್ ಫೀ, ಆಪರೇಷನ್ ಥಿಯೇಟರ್ ಖರ್ಚಿನಲ್ಲೂ ಅದೇ ಲೆಕ್ಕದಲ್ಲಿ ಕತ್ತರಿ ಬೀಳಬಹುದು. ಔಷಧಿ ಮತ್ತು ಇಂಪ್ಲಾಂಟ್ (ದೇಹದೊಳಗೆ ಕೂರಿಸುವ ಕೃತಕ ಭಾಗ) ಬೆಲೆಗೆ ಈ ಕತ್ತರಿ ಇಲ್ಲ.

ಕ್ಯಾಶ್‌ಲೆಸ್‌ಗೆ, ಅಂದರೆ ವಿಮಾ ಕಂಪನಿಯೇ ನೇರವಾಗಿ ಆಸ್ಪತ್ರೆಗೆ ಹಣ ಕಟ್ಟುವುದಕ್ಕೆ, ಆಸ್ಪತ್ರೆಯ ಟಿಪಿಎ ಡೆಸ್ಕ್‌ಗೆ (ವಿಮೆಯ ಕೆಲಸ ನೋಡುವ ಕೌಂಟರ್) ಹೋಗಿ ಎರಡೂ ಕಾರ್ಡ್ ತೋರಿಸಿ. ವಿಮಾ ನಿಯಂತ್ರಣ ಪ್ರಾಧಿಕಾರದ 2024ರ ನಿಯಮದಂತೆ ಮೊದಲ ಒಪ್ಪಿಗೆ 1 ಗಂಟೆಯಲ್ಲಿ, ಡಿಸ್ಚಾರ್ಜ್ ಒಪ್ಪಿಗೆ 3 ಗಂಟೆಯಲ್ಲಿ ಸಿಗಬೇಕು. ಅದಕ್ಕಿಂತ ತಡವಾಗಿ ಆಸ್ಪತ್ರೆ ಹೆಚ್ಚಿಗೆ ಬಿಲ್ ಮಾಡಿದರೆ ಆ ಹಣ ವಿಮಾ ಕಂಪನಿಯೇ ಕಟ್ಟಬೇಕು. ಮೊದಲ ಕಂಪನಿಯೇ ಎರಡನೆಯದರ ಜೊತೆ ಮಾತಾಡಿ ಉಳಿದ ಹಣದ ವ್ಯವಸ್ಥೆ ಮಾಡಬೇಕು ಎಂದೂ ನಿಯಮ ಇದೆ. ಕೇಳಿ ನೋಡಿ. ಆಗದಿದ್ದರೆ ಉಳಿದದ್ದನ್ನು ನೀವು ಕಟ್ಟಿ, ಆಮೇಲೆ ಎರಡನೆಯ ಕಂಪನಿಯಿಂದ ವಾಪಸ್ ಪಡೆಯಬೇಕು.

ಡಿಸ್ಚಾರ್ಜ್ ದಿನ ಎರಡು ಗಂಟೆ ಜಾಸ್ತಿ ನಿಲ್ಲಿ

ರೋಗಿಯನ್ನು ಕಾರಲ್ಲಿ ಕೂರಿಸುವ ಅವಸರ ಇರುತ್ತದೆ. ಆದರೂ ಒಬ್ಬರು ಬಿಲ್ಲಿಂಗ್ ಕೌಂಟರ್ ಬಿಡಬಾರದು. ಡಿಸ್ಚಾರ್ಜ್ ಸಮ್ಮರಿ, ಒಂದೊಂದು ಖರ್ಚನ್ನೂ ಬಿಡಿಸಿ ಬರೆದ ಬಿಲ್, ದುಡ್ಡು ಕಟ್ಟಿದ ರಸೀದಿ, ಲ್ಯಾಬ್ ರಿಪೋರ್ಟ್, ಚೀಟಿ ಸಮೇತ ಔಷಧಿ ಬಿಲ್ ಎಲ್ಲ ತಗೊಳ್ಳಿ. ಮಂಡಿ, ಸ್ಟೆಂಟ್, ಕಣ್ಣಿನ ಲೆನ್ಸ್ ಹಾಕಿಸಿದ್ದರೆ ಇಂಪ್ಲಾಂಟ್‌ನ ಸ್ಟಿಕ್ಕರ್ ಮತ್ತು ಇನ್ವಾಯ್ಸ್ ಕೇಳಲೇಬೇಕು, ಇದು ಬಹಳ ಜನರಿಗೆ ಮರೆಯುತ್ತದೆ. ಕ್ಲೇಮ್ ಫಾರ್ಮಿನ ಎ ಭಾಗ ನಾವು ತುಂಬುವುದು, ಬಿ ಭಾಗ ಆಸ್ಪತ್ರೆಯದು. ಎರಡನೆಯ ಕಂಪನಿಯ ಫಾರ್ಮ್ ಮೊದಲೇ ಪ್ರಿಂಟ್ ಮಾಡಿಸಿಕೊಂಡು ಹೋಗಿ, ಬಿ ಭಾಗ ಅಲ್ಲೇ ತುಂಬಿಸಿ. ಕೊನೆಗೆ ಪೂರ್ತಿ ಕಟ್ಟಿನ ಒಂದು ಜೆರಾಕ್ಸ್ ಸೆಟ್ ಮಾಡಿಸಿ, ಪ್ರತಿ ಹಾಳೆಗೂ ಆಸ್ಪತ್ರೆಯ ಸೀಲು, ಸಹಿ ಹಾಕಿಸಿ. ಒರಿಜಿನಲ್ ಮೊದಲ ಕಂಪನಿಗೆ ಹೋಗುತ್ತವೆ. ಎರಡನೆಯದಕ್ಕೆ ಹೋಗುವುದು ಈ ಸೀಲಿನ ಸೆಟ್. ನನ್ನ ಮೂರು ಬಸ್ ಪ್ರಯಾಣ ಇದಕ್ಕಾಗಿಯೇ.

ಮೊದಲ ಕಂಪನಿ ಎಷ್ಟು ಕೊಟ್ಟಿತು, ಎಷ್ಟು ಕಡಿತ ಮಾಡಿತು, ಯಾಕೆ ಎಂದು ಬರೆದ ಸೆಟ್ಲ್‌ಮೆಂಟ್ ಪತ್ರ ಬರುತ್ತದೆ. ಅದಿಲ್ಲದೆ ಎರಡನೆಯ ಕ್ಲೇಮ್ ಮುಂದೆ ಹೋಗುವುದಿಲ್ಲ. ಪತ್ರ ತಡವಾದರೆ ಎರಡನೆಯ ಕಂಪನಿಗೆ ಒಂದು ಇಮೇಲ್ ಹಾಕಿಡಿ, ಏಕೆಂದರೆ ಕಾಗದ ಕೊಡಲು ಸಾಮಾನ್ಯವಾಗಿ ಡಿಸ್ಚಾರ್ಜ್ ಆದ 15ರಿಂದ 30 ದಿನ ಮಾತ್ರ ಇರುತ್ತದೆ.

ನಮ್ಮ ಲೆಕ್ಕ ಹೀಗಿತ್ತು. ಬಿಲ್ 3,60,000. ತಮ್ಮನ ವಿಮೆಯ ಮಿತಿ 2 ಲಕ್ಷ, ಅದಷ್ಟೂ ಬಂತು. ಉಳಿದದ್ದು 1,60,000. ಗ್ಲೌಸು, ಮಾಸ್ಕು, ನೋಂದಣಿ ಶುಲ್ಕ ಇತ್ಯಾದಿ 12,000 ಯಾರೂ ಕೊಡಲಿಲ್ಲ. ಅಪ್ಪನ ವಿಮೆಯಿಂದ 1,48,000 ಬಂತು. ಎರಡೂ ಸೇರಿ ಬಿಲ್ಲಿಗಿಂತ ಜಾಸ್ತಿ ಸಿಗುವುದಿಲ್ಲ. ದಿನಕ್ಕೆ ಇಷ್ಟು ಎಂದು ಕೊಡುವ ಹಾಸ್ಪಿಟಲ್ ಕ್ಯಾಶ್ ಪಾಲಿಸಿ ಇದ್ದರೆ ಅದು ಬೇರೆ, ಆ ಹಣ ಪ್ರತ್ಯೇಕವಾಗಿ ಬರುತ್ತದೆ. ಕೋ-ಪೇ ಅಂತ ಮೊದಲ ಕಂಪನಿ ಹಿಡಿದುಕೊಂಡ ಹಣವನ್ನೂ ಎರಡನೆಯದರಲ್ಲಿ ಕೇಳಬಹುದು, ಅದರ ಷರತ್ತು ಒಪ್ಪಿದರೆ.

ಮನೆಗೆ ಬಂದ ಮೇಲಿನ ಫಿಸಿಯೋಥೆರಪಿ, ಔಷಧಿ ಬಿಲ್ ಎಸೆಯಬೇಡಿ. ಬಹಳಷ್ಟು ಪಾಲಿಸಿಗಳಲ್ಲಿ ಅಡ್ಮಿಟ್ ಆಗುವ ಮುಂಚಿನ 30 ದಿನ, ನಂತರದ 60 ದಿನದ ಖರ್ಚೂ ಸಿಗುತ್ತದೆ.

ಕ್ಲೇಮ್ ತಿರಸ್ಕರಿಸಿದರೆ ಕಾರಣ ಬರವಣಿಗೆಯಲ್ಲಿ ಕೇಳಿ. ಮೊದಲು ಕಂಪನಿಯ ದೂರು ವಿಭಾಗಕ್ಕೆ ಬರೆಯಿರಿ. ಪ್ರಾಧಿಕಾರದ ಸಹಾಯವಾಣಿ 155255. ಒಂದು ತಿಂಗಳಲ್ಲಿ ಉತ್ತರ ಬರದಿದ್ದರೆ, ಬಂದ ಉತ್ತರ ಸರಿ ಕಾಣದಿದ್ದರೆ ವಿಮಾ ಓಂಬುಡ್ಸ್‌ಮನ್, ಅಂದರೆ ವಿಮೆಯ ದೂರು ಕೇಳಿ ತೀರ್ಮಾನ ಕೊಡುವ ಅಧಿಕಾರಿ, ಇದ್ದಾರೆ. 50 ಲಕ್ಷದವರೆಗಿನ ವಿಷಯ ಕೇಳುತ್ತಾರೆ, ಶುಲ್ಕ ಇಲ್ಲ, ವಕೀಲರು ಬೇಕಿಲ್ಲ. ಉತ್ತರ ಬಂದ ಒಂದು ವರ್ಷದೊಳಗೆ ದೂರು ಕೊಡಬೇಕು. ಅವರ ಕಚೇರಿ ಬೆಂಗಳೂರಿನಲ್ಲಿದೆ, ಆದರೆ ದೂರನ್ನು ಆನ್‌ಲೈನ್‌ನಲ್ಲಿ ಕೊಡಬಹುದು, ವಿಚಾರಣೆಯನ್ನು ವಿಡಿಯೊ ಕರೆಯಲ್ಲೂ ಮಾಡಲು ಅವಕಾಶ ಇದೆ. ಇದಕ್ಕಾದರೂ ಬಸ್ ಹತ್ತಬೇಕಿಲ್ಲ.