ಅಂಟು ಬಿಡದ ವಾರ್ನಿಷ್ ಜೊತೆ ನಾಲ್ಕು ವರ್ಷ

ಎಣ್ಣೆ ವಾರ್ನಿಷ್ ನಾನೇ ಕಾಯಿಸ್ತೀನಿ ಅಂದಾಗ ಪಿಟೀಲು ಮಾಡುವ ಗೆಳೆಯರೆಲ್ಲ ಕೈ ಮುಗಿದುಬಿಟ್ಟರು. ಸ್ಪಿರಿಟ್ಟಿನಲ್ಲಿ ಅರಗು ಕರಗಿಸಿ ಹಚ್ಚಿದರೆ ಗಂಟೆಯೊಳಗೆ ಒಣಗುತ್ತೆ, ನಿನಗ್ಯಾಕೆ ಈ ಒಲೆ, ಹೊಗೆ, ವನವಾಸ ಅಂದರು. ಮಾತು ಸುಳ್ಳಲ್ಲ. ಆದರೆ ಸ್ಪಿರಿಟ್ ವಾರ್ನಿಷ್‌ನಲ್ಲಿ ಎರಡನೇ ಕೈ ಎಳೆಯುವಾಗ ಕೆಳಗಿನ ಬಣ್ಣ ಕರಗಿ ಕುಂಚದ ಹಿಂದೆಯೇ ಬಂದುಬಿಡುತ್ತೆ. ಬೆನ್ನಿನ ಮೇಪಲ್ ಮರದ ಪಟ್ಟೆಗಳು ವಾದ್ಯ ಹೊರಳಿಸಿದಾಗ ನೀರಿನಂತೆ ಅಲೆಯಾಡುವುದು ನನಗೆ ಕಂಡದ್ದು ಎಣ್ಣೆಯಲ್ಲಿ ಮಾತ್ರ. 2009ರ ಕೊನೆಯಲ್ಲಿ ಪ್ಯಾರಿಸ್ಸಿನ ಸಂಶೋಧಕರು ಇಟಲಿಯ ಹಳೆಯ ಹೆಸರಾಂತ ಪಿಟೀಲು ತಯಾರಕ ಸ್ಟ್ರಾಡಿವೇರಿಯ 5 ವಾದ್ಯಗಳ ವಾರ್ನಿಷ್ ಪರೀಕ್ಷೆಯ ಫಲ ಪ್ರಕಟಿಸಿದರಲ್ಲ, ಅದರಲ್ಲಿ ಸಿಕ್ಕಿದ್ದು ಒಣಗುವ ಎಣ್ಣೆ, ಪೈನ್ ಜಾತಿಯ ರಾಳ, ಒಂದಿಷ್ಟು ಕೆಂಪು ಬಣ್ಣ. ಇಷ್ಟೇನಾ ಅಂದುಕೊಂಡು ಒಲೆ ಹಚ್ಚಿದೆ.

ಮೊದಲ ಸಲ ರಾಳ, ಅಗಸೆ ಎಣ್ಣೆ ಸಮಸಮ ಹಾಕಿದ್ದೆ. ಮೂರು ತಿಂಗಳಾದ ಮೇಲೆ ಬೆರಳಿಟ್ಟು ನೋಡಿ, ಒಣಗಿದೆ ಅಂತ ಪಿಟೀಲನ್ನು ಪೆಟ್ಟಿಗೆಗೆ ಹಾಕಿ ಕೊಟ್ಟೆ. ವಾರದಲ್ಲಿ ವಾಪಸ್ ಬಂತು. ಬೆನ್ನ ತುಂಬ ಪೆಟ್ಟಿಗೆಯ ಮಖಮಲ್ಲಿನ ಅಚ್ಚು, ಅಲ್ಲಲ್ಲಿ ನೂಲೂ ಅಂಟಿಕೊಂಡಿದೆ. ಮುಂಗಡ ಹಿಂದಿರುಗಿಸಿದೆ. ಎರಡನೇ ಸಲ ಪಾತ್ರೆ ನೊರೆಯುಕ್ಕಿ ಬೆಂಕಿ ಹತ್ತಿತು. ಬಯಲಲ್ಲಿ ಕಾಯಿಸುತ್ತಿದ್ದೆ, ಮುಚ್ಚಳ ಕೈಗೆಟುಕುವಂತಿತ್ತು, ಹುಬ್ಬು ಮಾತ್ರ ಸುಟ್ಟಿತು. ಮೂರನೆಯದು ದಪ್ಪ ಹಚ್ಚಿ ಆನೆ ಚರ್ಮದ ಹಾಗೆ ಸುಕ್ಕುಗಟ್ಟಿತು. ಹಾಳಾದ ರಾಳ, ಎಣ್ಣೆಯ ಖರ್ಚು ಏನೂ ಅಲ್ಲ. ಮಾರಲಾಗದೆ ಗೋಡೆಗೆ ತೂಗಿದ ಎರಡು ಪಿಟೀಲುಗಳೇ ನಷ್ಟ. ಒಂದೊಂದಕ್ಕೂ 200 ಗಂಟೆಗೆ ಕಡಿಮೆಯಿಲ್ಲದಂತೆ ದುಡಿದಿದ್ದೆ. ಆ ವರ್ಷ ಕಮಾನಿಗೆ ಕೂದಲು ಕಟ್ಟಿಯೇ ಸಂಸಾರ ತೂಗಿಸಿದ್ದು.

ದಾರಿಗೆ ಬಂದದ್ದು ರಾಳವನ್ನು ಒಂಟಿಯಾಗಿ ಕಾಯಿಸಲು ಶುರುಮಾಡಿದ ಮೇಲೆ. 200 ಡಿಗ್ರಿಯ ಆಸುಪಾಸು, ದಿನಕ್ಕೆ ಏಳೆಂಟು ಗಂಟೆ, ಐದು ದಿನ. ಕಿಲೋ ಹಾಕಿದ್ದು ಏಳುನೂರು ಗ್ರಾಂ ಚಿಲ್ಲರೆಗೆ ಇಳಿಯಿತು, ಜೇನಿನ ಬಣ್ಣ ಕಾಕಂಬಿಗೆ ತಿರುಗಿತು. ಆಮೇಲೆ ರಾಳ ಎರಡು ಪಾಲು, ತೊಳೆದ ಅಗಸೆ ಎಣ್ಣೆ ಒಂದು ಪಾಲು. ಎಣ್ಣೆ ತೊಳೆಯುವ ಬಗೆ ನನ್ನಲ್ಲೇ ಇರಲಿ. ಬರೀ ನೀರಲ್ಲ ಅಂತಷ್ಟೇ ಹೇಳಬಲ್ಲೆ. ಎರಡನ್ನೂ ಕೂಡಿಸಿ ಕಾಯಿಸುವಾಗ ಹದ ನೋಡುವುದಕ್ಕೆ ಥರ್ಮಾಮೀಟರ್ ನಂಬಬೇಡಿ. ಹನಿಯನ್ನು ತಣ್ಣನೆ ಗಾಜಿನ ಮೇಲೆ ಬಿಟ್ಟು, ಆರಿದ ಮೇಲೆ ಬೆರಳೊತ್ತಿ ಎತ್ತಿ. ಮೊದಮೊದಲು ಎಳೆ ಪಟ್ಟನೆ ಕಡಿಯುತ್ತೆ. ನಾಲ್ಕು ಬೆರಳುದ್ದ ಜೇಡರ ನೂಲಿನ ಹಾಗೆ ಗಾಳಿಯಲ್ಲಿ ತೇಲಿತೋ, ಆ ಗಳಿಗೆಯಲ್ಲೇ ಒಲೆ ಆರಿಸಿ. ಐದು ನಿಮಿಷ ಮೈಮರೆತು ಒಂದು ಪಾತ್ರೆ ರಬ್ಬರ್ ಮಾಡಿಟ್ಟವನು ನಾನು.

ಹಚ್ಚುವಾಗ ತೆಳು ಮಾಡಲು ಹಾಕುವ ಟರ್ಪೆಂಟೈನ್ ತೀರಾ ಕಡಿಮೆ. ಕುಂಚದಲ್ಲಿ ಎಳೆದು, ಅಂಗೈಯಿಂದ ತಟ್ಟಿ ತಟ್ಟಿ ಸಮ ಮಾಡ್ತೀನಿ. ಒಂದು ಚಮಚ ವಾರ್ನಿಷ್ ಇಡೀ ಬೆನ್ನಿಗೆ ಹೆಚ್ಚೇ ಆಗುತ್ತೆ. ಒಣಗಿಸಲು ಯುವಿ (ನೇರಳಾತೀತ ಬೆಳಕಿನ) ಟ್ಯೂಬ್ ಹಾಕಿದ ಪೆಟ್ಟಿಗೆ. ಅದರಲ್ಲೂ ಪೆಟ್ಟು ತಿಂದಿದ್ದೇನೆ: ಒಳಗಿನ ಒಣ ಶಾಖಕ್ಕೆ ಪಿಟೀಲಿನ ಪಕ್ಕದ ಪಟ್ಟಿಯ ಅಂಟು ಬಿಟ್ಟು, ಕೆಳಗಡೆ ಬಾಯಿ ತೆರೆಯಿತು. ಈಗ ಮೂಲೆಯಲ್ಲೊಂದು ಬಟ್ಟಲು ನೀರು ಇಡ್ತೀನಿ. ಒಂದು ಕೈ ಒಂದು ದಿನದಲ್ಲಿ ಒಣಗುತ್ತೆ, ಐದಾರು ಕೈಗೆ ಮುಗಿಯಿತು.

ನಡುವೆ ತುಕ್ಕು ಹಿಡಿದ ಮೊಳೆ ಹಾಕಿ ರಾಳ ಬೇಯಿಸಿದ್ದೂ ಉಂಟು. ಸೀಸೆಯಲ್ಲಿ ನೋಡಿದರೆ ಮಾಣಿಕ್ಯ, ಮರದ ಮೇಲೆ ಬರೀ ಕಂದು. ಏನೂ ಹಚ್ಚದ ಬರಿ ಮರದ ಪಿಟೀಲನ್ನು ತಿಂಗಳುಗಟ್ಟಲೆ ಬಿಸಿಲಿಗೆ ತೂಗಿದ್ದು ಮಾತ್ರ ಸಾರ್ಥಕ. ಮುಂಭಾಗದ ಸ್ಪ್ರೂಸ್ ಮರ ತಾನಾಗೇ ಹೊಂಬಣ್ಣಕ್ಕೆ ಬಂತು. ಅದರ ಮೇಲೆ ನಾನು ಹಾಕುವ ತಳಪದರ ಏನು ಅಂತ ಕೇಳಬೇಡಿ.

ಹೋದ ವರ್ಷದಿಂದ ಹನ್ನೊಂದು ವಾದ್ಯ ಹೊರಗೆ ಹೋಗಿವೆ, ಒಂದರ ಮೇಲೂ ಮಖಮಲ್ಲಿನ ಅಚ್ಚಿಲ್ಲ. ಕೈ ಮುಗಿದವರಲ್ಲಿ ಇಬ್ಬರು ಸೀಸೆ ಹಿಡಿದು ಬಂದಿದ್ದರು. ಅರ್ಧರ್ಧ ತುಂಬಿಸಿ ಕೊಟ್ಟೆ, ದುಡ್ಡು ತಗೊಂಡೇ. ಎಡಗೈ ಮೇಲೇರಿದಾಗ ಅಂಗೈ ತಾಗುವ ಪಿಟೀಲಿನ ಭುಜದ ಜಾಗ ಮಾತ್ರ ಬೆವರಿಗೆ ಮಂಕಾಗ್ತಿದೆ. ಅಲ್ಲಿಗೆ ಇನ್ನಷ್ಟು ಗಟ್ಟಿ ರಾಳ ಬೆರೆಸಿದ ಒಂದು ಕೈ ಹಚ್ಚಿದ್ದೇನೆ, ಪಿಟೀಲು ಇನ್ನೂ ಒಣಗಿಸುವ ಪೆಟ್ಟಿಗೆಯಲ್ಲಿದೆ.